ಬೀದಿಗೆ ಚೆಲ್ಲಿದ ಕಾಯಿಲೆ

"ಕಷಾಯ ಕಾಸೋದೇನು ಮಹಾ ವಿದ್ಯೆಯಾ? ಹುಟ್ಟಿದಾಗಿಂದ ದಾಂಗ್‌ಗುಯಿ ಬೇರು ಬೆಳೆದವನು ನಾನು!" ಎಂದು ಬಾವ್ ಶೂಲಿನ್ ಎದೆ ಸೆಟೆಸಿಕೊಂಡು ಒಲೆ ಮುಂದೆ ಕೂತ. ಬೆಳೆಯುವುದು ಬೇರೆ, ಕುದಿಸುವುದು ಬೇರೆ ಅಂತ ಮಣ್ಣಿನ ಕುಡಿಕೆಗೆ ಗೊತ್ತಿತ್ತು. ಒಂದು ದಿನ ಉಕ್ಕಿ ಒಲೆ ಆರಿತು, ಮರುದಿನ ತಳ ಹತ್ತಿತು. ಹೆಂಡತಿ ಚಿಯಾವ್‌ಯೆ ಮುಖ ಕಿವುಚಿಕೊಂಡೇ ಕುಡಿದಳು. ಚಳಿಗಾಲದಿಂದ ಅವಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಮೈಯಲ್ಲಿ ರಕ್ತವೇ ಇಲ್ಲ, ದಾಂಗ್‌ಗುಯಿ ಕಷಾಯ ಕುಡಿಸ್ತಾ ಇರಿ ಎಂದಷ್ಟೇ ಹೇಳಿ ವೈದ್ಯರು ಕಣ್ಣು ತಪ್ಪಿಸಿದ್ದರು.

ಅವರ ಮಿನ್ ಸೀಮೆಯಲ್ಲಿ ಕಷಾಯದ ಚರಟವನ್ನು ಬೀದಿಗೆ ಚೆಲ್ಲಬೇಕು. ತುಳಿದವರು ಕಾಯಿಲೆಯನ್ನು ಹೊತ್ತುಕೊಂಡು ಹೋಗುತ್ತಾರೆ ಅಂತ ನಂಬಿಕೆ. ಶೂಲಿನ್ ನಡುಬೀದಿಗೇ ಸುರಿದು ಬಾಗಿಲ ಸಂದಿಯಲ್ಲಿ ಹೊಂಚು ಹಾಕಿ ಕೂತ. ಆದರೆ ಊರವರೂ ಅದೇ ಸೀಮೆಯವರಲ್ಲವೇ! ಒಬ್ಬ ಜಿಗಿದ, ಒಬ್ಬಳು ಗೋಡೆಗೆ ಮೈ ಉಜ್ಜಿಕೊಂಡು ದಾಟಿದಳು. ಕೊನೆಗೆ ಪಕ್ಕದ ಮನೆಯ ಮೇಕೆ ಬಂತು. ಅದೂ ಕಾಲಿಡಲಿಲ್ಲ, ದೂರದಿಂದಲೇ ಕತ್ತು ಚಾಚಿ ಬೇರನ್ನಷ್ಟೇ ತಿಂದು ಹೋಯಿತು. ಮೇಕೆ ದಿನೇ ದಿನೇ ಗುಂಡಗಾಯಿತು, ಚಿಯಾವ್‌ಯೆ ದಿನೇ ದಿನೇ ಸೊರಗಿದಳು.

ಶೂಲಿನ್‌ಗೆ ಸಂಕಟ ತಡೆಯಲಾಗಲಿಲ್ಲ. ಯಾರೂ ಒಯ್ಯದಿದ್ದರೆ ಬೇಡ, ನಾನೇ ಒಯ್ಯುತ್ತೇನೆ ಎಂದುಕೊಂಡ. ಮೇಕೆಯನ್ನು ಅಟ್ಟಿ, ಕಣದಲ್ಲಿ ಎತ್ತು ತಿರುಗಿದ ಹಾಗೆ ಚರಟದ ಮೇಲೆ ಸುತ್ತಿ ಸುತ್ತಿ ತುಳಿದ. ಆಮೇಲೆ ದಿನವೂ ತುಳಿದ, ಏನೂ ಅರಿಯದವನಂತೆ ಒಳಗೆ ಬಂದ. ದಾಂಗ್‌ಗುಯಿ ಗುಟ್ಟು ಉಳಿಸುವ ಪೈಕಿಯಲ್ಲ. ಅವನ ಕಾಲಿನ ಬಟ್ಟೆ ಜೋಡು ಮನೆ ತುಂಬ ನಾರಿತು.

ಒಂದು ಬೆಳಿಗ್ಗೆ ನೀರು ತಂದು ನೋಡುತ್ತಾನೆ, ಹಾಸಿಗೆ ಖಾಲಿ! ಹೊರಗೆ ಓಡಿದ. ನಡುಬೀದಿಯಲ್ಲಿ ಚಿಯಾವ್‌ಯೆ ಪೊರಕೆಯ ಕೋಲು ಊರಿಕೊಂಡು, ಬರಿಗಾಲಲ್ಲಿ ಚರಟದ ಮೇಲೆ ನಿಂತಿದ್ದಳು.

"ಏನು ಮಾಡ್ತಿದ್ದೀಯೇ?"

"ನಿನ್ನ ಜೋಡೇ ಎಲ್ಲಾ ಹೇಳ್ತು, ಮುದುಕಾ. ನನ್ನ ಕಾಯಿಲೆ ವಾಪಸ್ ತಗೊಳ್ಳೋಕೆ ಬಂದೆ."

"ನನಗೇ ಇರಲಿ ಬಿಡು. ನಾನು ಗಟ್ಟಿ ಇದ್ದೀನಿ."

"ನೆಟ್ಟಗೆ ಕಷಾಯ ಕಾಸೋಕೆ ಬರಲ್ಲ, ನಿನಗೆ ಕಾಯಿಲೆ ಬೇರೆ ಕೇಡು. ನೀನು ಮಲಗಿದರೆ ಕಾಸೋರ್ಯಾರು, ಆ ಮೇಕೆನಾ?"

ನಕ್ಕಳು. ನಗುತ್ತಲೇ ಕುಸಿದಳು. ಅವನು ಎತ್ತಿಕೊಂಡ. ಬೇರು ಸುರಿದು ಖಾಲಿಯಾದ ಬುಟ್ಟಿಯಷ್ಟೂ ಭಾರವಿರಲಿಲ್ಲ ಅವಳು.

"ಕಾಲ ಕೆಳಗೆ ನೋಡ್ಕೊಂಡು ನಡಿ, ತುಳಿದೀಯ" ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಮಾತನ್ನು ಎದುರಾಡದೆ ಕೇಳಿದ್ದು ಅವತ್ತೇ ಮೊದಲು. ಊರವರ ಹಾಗೆಯೇ ಚರಟದ ಸುತ್ತ ಬಳಸಿ ಹೊರಟ. ಆದರೆ ಕಣ್ಣು ತುಂಬಿಕೊಂಡಿತ್ತು, ನೆಲ ಕಾಣಲಿಲ್ಲ. ಸರಿಯಾಗಿ ಅದರ ನಡುವೆಯೇ ಕಾಲಿಟ್ಟ.

"ಇದೂ ಬರಲ್ಲ ನಿನಗೆ" ಎಂದಳು ಚಿಯಾವ್‌ಯೆ, ಅವನ ಕೊರಳಿಗೆ ಮುಖ ಒತ್ತಿಕೊಂಡು.