ಸೊಂಟ ಹಿಡಿದವಳ ವಾಯಿದೆ

ಮುಯ್ಯಾಳು ಇಟ್ಟುಕೊಂಡವರ ತಲೆ ಒಡೆಯಬಾರದು. ಒಡೆದು ಜೈಲಿಗಾದರೂ ಹೋಗಬಹುದು, ಅವರ ತೋಟಕ್ಕೆ ಕೆಲಸಕ್ಕೆ ಹೋಗುವುದು ಕಷ್ಟ.

ನಾನು ಒಡೆದದ್ದು ಪಕ್ಕದ ತೋಟದ ನಿಂಗಮ್ಮನ ತಲೆ. ಅವಳ ಹಸು ನನ್ನ ಗೆಣಸಿನ ಬಳ್ಳಿಗೆ ಬಾಯಿ ಹಾಕಿತು, ಕೋಲು ಬೀಸಿದೆ, ಹಸು ಸರಿಯಿತು, ಅವಳು ಸರಿಯಲಿಲ್ಲ. ಹಸುವಿಗಿದ್ದ ಬುದ್ಧಿ ಅವಳಿಗಿರಲಿಲ್ಲ ಎಂದು ಆಲೂರಿನ ಕೋರ್ಟಿನಲ್ಲಿ ಹೇಳಿದ್ದಕ್ಕೇ ನನಗೆ ಒಂದು ತಿಂಗಳು ಜೈಲು ಬಿತ್ತೆಂದು ನನ್ನ ಲಾಯರಿಗೆ ಸಿಟ್ಟು. ಹಾಸನಕ್ಕೆ ಅಪೀಲು ಹಾಕಿದರು. ಕೇಸು ಅದರ ಪಾಡಿಗೆ, ಮುಯ್ಯಾಳು ಅದರ ಪಾಡಿಗೆ. ನನ್ನ ಕಾಫಿಯನ್ನು ಅವಳು ಬಂದು ಕುಯ್ದು ಕೊಟ್ಟಳು, ಅವಳದನ್ನು ನಾನು ಕುಯ್ಯಬೇಕು. ಹಣ್ಣು ಕೋರ್ಟಿಗಾಗಿ ಕಾಯುವುದಿಲ್ಲ.

ಅಪೀಲಿಗೆ ವಾದವನ್ನೆಲ್ಲ ಬರೆದು ಕೊಡಬೇಕಂತೆ. ಲಾಯರು ಮಗಳ ಮದುವೆಯ ಗಡಿಬಿಡಿಯಲ್ಲಿ ಬರೆದಿರಲಿಲ್ಲ. ವಾಯಿದೆ ಕೇಳುತ್ತೇನೆ, ನೀನು ಬರಬೇಡ ಎಂದರು. ಕೊಡದಿದ್ದರೆ ಎಂದು ಕೇಳಿದೆ. ಕುಯ್ಲಿನ ನಡುವೆಯೇ ಜೈಲು ಎಂದರು. ಇಷ್ಟು ಕೇಳಿ ಮನೆಯಲ್ಲಿ ಕೂರಲು ಯಾರಿಂದಾಗುತ್ತದೆ? ಬಸ್ಸು ಹೆಂಗಸರಿಗೆ ಪುಕ್ಕಟೆ ಬೇರೆ. ಹತ್ತಿದರೆ ಖಾಲಿ ಇದ್ದದ್ದು, ಕೇಸು ಏನಾಗುತ್ತದೋ ನೋಡಲು ಹೊರಟಿದ್ದ ನಿಂಗಮ್ಮನ ಪಕ್ಕದ ಸೀಟು. ದಾರಿಯುದ್ದಕ್ಕೂ ಮಾತಾಡಲಿಲ್ಲ, ಅವಳು ಕೊಟ್ಟ ಎಲೆ ಅಡಿಕೆ ಮಾತ್ರ ಬಿಡಲಿಲ್ಲ.

ಅದನ್ನು ಹೊರಗೆ ಉಗಿದು ಕೋರ್ಟಿನೊಳಗೆ ಬರುವಷ್ಟರಲ್ಲಿ ಲಾಯರು ಮಾತು ಶುರು ಮಾಡಿದ್ದರು. ಯಾವುದೋ ಮುದುಕಿ ಸೊಂಟ ಹಿಡಿದು ಮಲಗಿದ್ದಾಳಂತೆ, ಮಗ್ಗುಲು ಬದಲಿಸಲೂ ಆಗದಂತೆ, ಅವಳನ್ನು ಕೇಳದೆ ವಾದ ಬರೆಯುವುದು ಹೇಗೆ ಎನ್ನುತ್ತಿದ್ದರು. ಅಯ್ಯೋ ಪಾಪ ಎಂದುಕೊಂಡೆ. ಸಾಕಮ್ಮನ ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದು ಜಡ್ಜರು ಕೇಳಿದರು. ನನ್ನ ಹೆಸರು ಕಿವಿಗೆ ಬಿದ್ದದ್ದೇ ಜಿಂಕೆಯ ಹಾಗೆ ನೆಗೆದು ಎದ್ದೆ.

"ನಾನೇ ಬಂದಿವ್ನಿ ಸ್ವಾಮಿ."

ಲಾಯರು ಕಾಗದದಲ್ಲಿ ಮುಖ ಮುಚ್ಚಿಕೊಂಡರು. ಜಡ್ಜರು ನನ್ನ ಸೊಂಟವನ್ನೇ ನೋಡಿದರು. ಆಗ ನಿಂಗಮ್ಮ ಎದ್ದಳು.

"ಸೊಂಟ ಹಿಡ್ಕಂಡಿರೋದು ದಿಟ ಸ್ವಾಮಿ. ನಾನೇ ರಟ್ಟೆ ಹಿಡ್ದು ಬಸ್ಸು ಹತ್ಸಿದ್ದು."

ನೀನು ಯಾರಮ್ಮ ಎಂದು ಜಡ್ಜರು ಕೇಳಿದರು.

"ಇವಳ ಕೈಲಿ ಏಟು ತಿಂದೋಳು."

ಕೋರ್ಟು ನಕ್ಕಿತು. ಇದೇ ಕೊನೆ ಎಂದು ಗದರಿ ಜಡ್ಜರು ವಾಯಿದೆ ಕೊಟ್ಟರು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಎತ್ತಿದರೆ ಅವಳ ಹಣೆಯ ಮೇಲಿನ ಕಲೆ ಕಾಣುತ್ತದೆ. ಹೊರಗೆ ಬಂದು, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಇನ್ನೇನು, ನನ್ನ ಕಾಫಿ ಕುಯ್ಯಕ್ಕೆ ನಿನ್ನ ಲಾಯರು ಬತ್ತಾನಾ? ಮುಯ್ಯಾಳು ತೀರ್ಸಿ ಎಲ್ಲಿಗಾದ್ರೂ ಹೋಗು."

ಮಾರನೆಯ ದಿನ ಅವಳ ತೋಟಕ್ಕೆ ಹೋದೆ. ಮಧ್ಯಾಹ್ನ ಹಣ್ಣಿನ ಕುಕ್ಕೆ ಎತ್ತಲು ಬಗ್ಗಿದವಳು ಬಗ್ಗಿದಂತೆಯೇ ನಿಂತೆ. ಸೊಂಟ ನಿಜವಾಗಿಯೂ ಹಿಡಿದಿತ್ತು. ಆಚೆ ಗಿಡದಿಂದ ನಿಂಗಮ್ಮ, ಏನೇ, ಸೊಂಟವಾ ಎಂದು ಕೇಳಿದಳು.

ಇಲ್ಲ ಎಂದೆ. ಅವಳ ಒಂದು ಸುಳ್ಳಿಗೆ ನನ್ನದೊಂದು. ಅದನ್ನೂ ಮುಯ್ಯಿಗೇ ಸೇರಿಸಿಕೊಳ್ಳಲಿ.