ಪುತ್ತಿಗೆಯ ಮಾವನ ಎಸ್ಟೋನಿಯಾ

ನನ್ನ ಸೋದರಮಾವ ಹುಟ್ಟಿದ್ದು ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ. ಆದರೆ ಅವರ ಊರು ಇರುವುದು ಎಸ್ಟೋನಿಯಾದಲ್ಲಿ. ನಗಬೇಡಿ. ಆ ದೇಶ ಎಲ್ಲಿದೆಯೆಂದು ನೀವು ಭೂಪಟದಲ್ಲಿ ಹುಡುಕುವಷ್ಟರಲ್ಲಿ ಮಾವ ಅಲ್ಲಿನ ಪುಟ್ಟ ಹಳ್ಳಿಯೊಂದರ ಹೊಲಗಳನ್ನೆಲ್ಲ ದಾಟಿಸಿ ನಿಮ್ಮನ್ನು ಸರೋವರದ ದಂಡೆಗೆ ಮುಟ್ಟಿಸಿರುತ್ತಾರೆ! ಅಷ್ಟಕ್ಕೂ ಅವರು ಆ ದೇಶವನ್ನು ಒಮ್ಮೆಯೂ ಕಂಡವರಲ್ಲ.

ಹಿಂದೆ ಮಾವ ಮಸ್ಕತ್ತಿನ ಹೋಟೆಲೊಂದರ ಬಾಯ್ಲರ್ ಕೋಣೆಯಲ್ಲಿ ಕೆಲಸಕ್ಕಿದ್ದಾಗ ಜತೆಗಿದ್ದವನು ಎಸ್ಟೋನಿಯಾದ ಒಬ್ಬ ಹಿರಿಯ ಮೆಕ್ಯಾನಿಕ್. ಅವನಿಗೆ ತನ್ನ ಊರಿನ ಹುಚ್ಚು, ಹೇಳಿದರೆ ಕೇಳುವವರಿಲ್ಲ. ಮಾವನಿಗೆ ಇಂಗ್ಲಿಷ್ ಸುಧಾರಿಸಬೇಕಿತ್ತು. ನಾಲ್ಕು ವರ್ಷ ಕೇಳಿದರು. ಇಂಗ್ಲಿಷ್ ಇದ್ದಲ್ಲೇ ಉಳಿಯಿತು, ಊರು ಮಾತ್ರ ಬಾಯಿಪಾಠವಾಯಿತು!

ಬೆಳ್ಳನೆಯ ತೊಗಟೆಯ ಬರ್ಚ್ ಮರಗಳು, ಕಾಲಿಟ್ಟರೆ ಹಾಸಿಗೆಯಂತೆ ಕುಸಿಯುವ ಜೌಗು, ಹಿಮಯುಗ ಉರುಳಿಸಿ ತಂದು ಹೊಲದ ನಡುವೆ ಬಿಟ್ಟುಹೋದ ಆನೆಗಾತ್ರದ ಬಂಡೆಗಳು, ಯಾವುದನ್ನು ಕೇಳುತ್ತೀರಿ? ಜರ್ಮನ್ ಧಣಿಗಳ ಭೂಮಿ ಒಕ್ಕಲುಗಳಿಗೆ ಸಿಕ್ಕಿದ ಕತೆಗೆ ಬಂದರಂತೂ, "ಅಲ್ಲಿಯೂ ನಮ್ಮ ಹಾಗೇ ಉಳುವವನಿಗೇ ಭೂಮಿ ಅಂತ ಡಿಕ್ಲರೇಶನ್ ಆದದ್ದು ಮಾರಾಯ" ಎನ್ನುತ್ತಾರೆ.

ಒಮ್ಮೆ ಶಾಲೆಯವರು ನಮ್ಮೂರಿನ ಇತಿಹಾಸ ಹೇಳಿ ಎಂದು ಕರೆದರು. ಮಾವ ಮುಕ್ಕಾಲು ಗಂಟೆ ಹೇಳಿದರು. ಕೊನೆಗೆ ಒಬ್ಬಳು ಹುಡುಗಿ ಎದ್ದು, ನಮ್ಮೂರಲ್ಲಿ ಹಿಮ ಬೀಳುವುದು ಯಾವ ತಿಂಗಳಲ್ಲಿ ಎಂದು ಕೇಳಿದಳಂತೆ!

ಅತ್ತೆಯ ದೂರು ಬೇರೆಯೇ. "ಇವರಿಗೆ ಆ ಊರಿನ ದನಗಳ ಹೆಸರು ಗೊತ್ತುಂಟು. ನಮ್ಮ ಹಟ್ಟಿಯ ದನ ಕರು ಹಾಕಿದ್ದು ಗೊತ್ತಿಲ್ಲ."

ಮಾವ ನಗದೆ ಹೇಳುವ ಭಾಗ ಒಂದೇ. ಆ ಮೆಕ್ಯಾನಿಕ್ ಗೆಳೆಯನಿಗೆ ಎಂಟು ವರ್ಷವಿದ್ದಾಗ ಸೈನಿಕರು ಬಂದು ಮನೆಯವರನ್ನೆಲ್ಲ ರೈಲು ಹತ್ತಿಸಿ ಸೈಬೀರಿಯಾಕ್ಕೆ ಸಾಗಿಸಿದರು. ಎಷ್ಟೋ ವರ್ಷದ ಮೇಲೆ ಮರಳಿದಾಗ ಮನೆ ಇರಲಿಲ್ಲ.

ಕಳೆದ ಬೇಸಗೆಯಲ್ಲಿ ಆ ಗೆಳೆಯನ ಮಗಳ ಫೋನು ಬಂತು. ತಂದೆ ತೀರಿಕೊಂಡರೆಂದಳು. ಊರಿನ ವಿಷಯ ಅವರು ಮನೆಯಲ್ಲಿ ಒಂದು ದಿನವೂ ಎತ್ತಿದವರಲ್ಲವಂತೆ. ಅವರ ಪುಸ್ತಕದಲ್ಲಿ ಮಾವನ ನಂಬರಿನ ಪಕ್ಕ ಮಾತ್ರ 'ಇವನಿಗೆ ಎಲ್ಲ ಗೊತ್ತು' ಎಂದು ಬರೆದಿತ್ತಂತೆ. ಈಗ ಅವಳು ಆ ಹಳ್ಳಿಯ ರಸ್ತೆಯಲ್ಲೇ ನಿಂತಿದ್ದಳು, ಅಜ್ಜಿಯ ಮನೆ ಎಲ್ಲಿತ್ತೆಂದು ತಿಳಿಯದೆ.

ನಮ್ಮಲ್ಲಿ ವೀಡಿಯೋ ಕಾಣುವಷ್ಟು ನೆಟ್‌ವರ್ಕ್ ಸಿಗುವುದು ಗೇಟಿನ ಹೊರಗೆ ಮಾತ್ರ. ಮಾವ ಸುಡುಬಿಸಿಲಲ್ಲಿ ರಸ್ತೆಗೆ ಬಂದು ನಿಂತು, ತಮ್ಮ ಹರಕು ಇಂಗ್ಲಿಷಿನಲ್ಲೇ ದಾರಿ ಹೇಳತೊಡಗಿದರು. ಚರ್ಚಿನ ಹಿಂದಿನ ಕಾಲುದಾರಿ, ಎರಡಾಗಿ ಸೀಳಿದ ಬಂಡೆ, ಅಲ್ಲಿಂದ ಎಡಕ್ಕೆ. ಅವಳು ಬರೀ ಕಾಡು ಎಂದಳು. ಕಾಡಿನೊಳಗೆ ಸೇಬಿನ ಮರ ಉಂಟಾ ನೋಡು ಎಂದರು. ಇತ್ತು. ಒಂದಲ್ಲ, ಮೂರು. ಅವುಗಳ ಆಚೆ ಪಾಚಿ ಕೆರೆದಾಗ ಹೊಸ್ತಿಲ ಕಲ್ಲು ಕಂಡಿತು.

ಅವಳು ಅದರ ಈಚೆಗೇ ನಿಂತಳು.

"ಮಗಾ, ಅದು ನಿನ್ನ ಮನೆ. ಒಳಗೆ ಹೋಗು" ಎಂದರು ಮಾವ. ಮಗಾ ಎಂಬುದೊಂದನ್ನು ಮಾತ್ರ ನಮ್ಮ ಭಾಷೆಯಲ್ಲಿ.

ಗೋಡೆಯಿಲ್ಲದ ಆ ಮನೆಯ ಹೊಸ್ತಿಲನ್ನು ಅವಳು ದಾಟುವಾಗ, ಇತ್ತ ಕಾದ ಡಾಮರಿನ ಮೇಲೆ ಮಾವ ಚಪ್ಪಲಿ ಕಳಚಿದರು.