ಟೆಂಟಿನ ದೆವ್ವಕ್ಕೆ ಉಡಿ ತುಂಬಿದ್ದು

ಕೆಲವರಿಗೆ ಹುಣಿಸೆಹಣ್ಣು ಕಂಡರೆ ಬಾಯಲ್ಲಿ ನೀರೂರುತ್ತದೆ. ನನಗೆ ದೆವ್ವದ ಹೆಸರು ಕೇಳಿದರೆ ಹಾಗೆ. ಹೆಂಗಸರು ಕೂಡಿದ ಕಡೆ ಒಬ್ಬಾಕೆ ಹಾಡು ಬರುತ್ತದೆ ಎನ್ನುತ್ತಾಳೆ, ಇನ್ನೊಬ್ಬಾಕೆ ಕಸೂತಿ ಬರುತ್ತದೆ ಎನ್ನುತ್ತಾಳೆ. ಅಂಥಲ್ಲಿ ನಾನು ಬಾಯಿ ತೆರೆದು, 'ನನಗೆ ಮೈ ಜುಮ್ಮೆನ್ನುವ ಪಿಶಾಚಿ ಕಥೆಯೆಂದರೆ ಪ್ರಾಣ' ಎಂದರೆ ಅರಿಸಿನ ಕುಂಕುಮದ ತಟ್ಟೆ ನನ್ನನ್ನು ದಾಟಿಕೊಂಡು ಮುಂದೆ ಹೋದೀತು. ಆದ್ದರಿಂದ ಮಾತಿನಲ್ಲಿ ಮುಚ್ಚಿಟ್ಟುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರು ತಟ್ಟೆ ಹಿಡಿದು ಎದುರಿಗೆ ನಿಂತಿರುವುದಿಲ್ಲವಲ್ಲ, ಅದೊಂದು ಧೈರ್ಯ.

ಈ ಚಟ ಹತ್ತಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ನಮಗೆ ಹೊಲಿಗೆ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ತಮ್ಮ ದೇಶದ ಹಳೆಯ ಮಠವೊಂದರ ಸಂಗತಿ ಹೇಳುತ್ತಿದ್ದರು. ಅಲ್ಲಿ ಎಂದೋ ತೀರಿಕೊಂಡ ಪಾದ್ರಿಯೊಬ್ಬರು ಚಳಿ ಕಾಯಿಸಿಕೊಳ್ಳಲು ಗೋಡೆಯಲ್ಲಿ ಕಟ್ಟಿದ ಒಲೆಗೂಡಿನೊಳಗೆ ಕೂತು ಕೆಮ್ಮುತ್ತಾರಂತೆ. ಕೆಮ್ಮುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಸಿಸ್ಟರು ಕತ್ತರಿ ಕೆಳಗಿಟ್ಟು, ಕೈ ಬಾಯಿಗೆ ಹಿಡಿದು, ಮೆಲ್ಲಗೆ ಒಂದು ಸಲ ಕೆಮ್ಮಿ ತೋರಿಸುವರು. ಬಳ್ಳಾರಿಯ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತ ನಾವು ಆ ಚಳಿದೇಶದ ಕೆಮ್ಮಿಗೆ ಗಡಗಡ ನಡುಗುತ್ತಿದ್ದೆವು. ನನ್ನ ಮದುವೆಯ ಪೆಟ್ಟಿಗೆಯಲ್ಲಿ ಬಂದ ದಿಂಬಿನ ಚೀಲದ ಮೇಲೆ ಆಗ ನಾನು ಹೊಲಿದ ಗುಲಾಬಿಯೊಂದು ಸೊಟ್ಟಗಾಗಿ ಬದನೆಕಾಯಿಯಂತೆ ಕಾಣುತ್ತಿದ್ದರೆ ಅದು ಆ ಪಾದ್ರಿಯ ಕೃಪೆ.

ಅಲ್ಲಿಂದ ಮುಂದೆ ಸಿಕ್ಕಿದ ದೆವ್ವದ ಪುಸ್ತಕವನ್ನೆಲ್ಲ ಓದಿದೆ. ಓದಿ ಓದಿ ನನ್ನಲ್ಲೊಂದು ರುಚಿಯೂ ಹುಟ್ಟಿತು. ಒಳ್ಳೆಯ ದೆವ್ವ ಪೂರ್ತಿ ಕಾಣಿಸಿಕೊಳ್ಳಬಾರದು. ಬಾಗಿಲು ತಾನಾಗಿ ಸರಿದರೆ ಸಾಕು. ಹೆಚ್ಚು ಮಾತಾಡಬಾರದು. ಮುಖ್ಯವಾಗಿ, ತನಗೇನು ಬೇಕೆಂದು ಹೇಳಲೇಬಾರದು. ಈ ದೃಷ್ಟಿಯಿಂದ ನಮ್ಮ ಸೀಮೆಯ ದೆವ್ವಗಳು ನನಗೆ ಅಷ್ಟಾಗಿ ರುಚಿಸುತ್ತಿರಲಿಲ್ಲ. ಕಂಪ್ಲಿಯ ಕಡೆಯವು ಯಾರ ಮೈಮೇಲಾದರೂ ಬಂದರೆ ಮೊದಲು ತೆಲುಗಿನಲ್ಲಿ ಗದರಿಸುತ್ತವೆ, ಆಮೇಲೆ ಕೋಳಿ ಕೇಳುತ್ತವೆ. ಸಂಡೂರಿನ ಗುಡ್ಡದವು ಬೆಲ್ಲದನ್ನ ಕೊಟ್ಟರೆ ಹೊರಟುಹೋಗುತ್ತವೆ. ಇನ್ನು ಹಂಪಿ! ಅಷ್ಟು ಪಾಳು ಮಂಟಪಗಳು, ಅಷ್ಟು ಮುರಿದ ಗೋಡೆಗಳು. ಮದುವೆಯಾದ ಹೊಸದರಲ್ಲಿ ಎಷ್ಟೊಂದು ಆಸೆ ಇಟ್ಟುಕೊಂಡು ಹೋಗಿದ್ದೆ. ಮಂಟಪದ ಕತ್ತಲೆಯಿಂದ ಏನೋ ಉಸಿರಾಡಿದಂತಾಗಿ ಎದೆ ಹೊಡೆದುಕೊಂಡಿತು. ಹೊರಗೆ ಬಂದದ್ದು ಒಂದು ಆಡು. ಬಾಳೆಹಣ್ಣಿನ ಸಿಪ್ಪೆ ತಿನ್ನುತ್ತಿತ್ತು.

ನನ್ನ ಈ ರುಚಿಗೆ ಹೊಸಪೇಟೆಯ ಗಂಡನ ಮನೆಯಲ್ಲಿ ಜೊತೆ ಸಿಗಲಿಲ್ಲ. ನಮ್ಮವರಿಗೆ ಬೆಲ್ಲದ ಮಂಡಿ. ಗಾಡಿಗಟ್ಟಲೆ ಬೆಲ್ಲ ಕೊಂಡು ಮಾರುವ ಗಟ್ಟಿ ಆಳು. ಆದರೆ ನಾನು ಕಥೆಯೊಂದನ್ನು ಅರ್ಧ ಹೇಳುವಷ್ಟರಲ್ಲಿ ಎದ್ದು ಹೋಗಿ ವಿಭೂತಿ ಹಚ್ಚಿಕೊಂಡು ಬರುವರು. ಅತ್ತೆಯವರದು ಬೇರೆ ತೊಂದರೆ. ಅವರಿಗೆ ದೆವ್ವವೆಂದರೆ ಎಳ್ಳಷ್ಟೂ ಭಯವಿಲ್ಲ, ಬರಿಯ ಪರಿಚಯ. ನಮ್ಮ ಓಣಿಯಲ್ಲಿ ಯಾರ ಮೈಮೇಲೆ ಏನು ಬಂದರೂ ಅವರಿಗೇ ಕರೆ ಬರುತ್ತಿತ್ತು. ಹೋಗಿ ಎದುರಿಗೆ ಕೂತು, 'ಯಾರವ್ವಾ ನೀನು? ಯಾರ ಮನೀಯಾಕಿ? ಯಾತಕ್ಕ ಬಂದಿ?' ಎಂದು ಬೀಗರನ್ನು ವಿಚಾರಿಸುವಂತೆ ವಿಚಾರಿಸಿ, ಬೇಕಾದ್ದನ್ನು ಕೊಡಿಸಿ, ಕಳಿಸಿ ಬರುವರು. ಬಂದು ಕೈಕಾಲು ತೊಳೆದುಕೊಂಡು, 'ಪಾಪ, ಹೋಳಿಗಿ ಮ್ಯಾಲ ಜೀವ ಇತ್ತಂತ' ಎಂದು ಹೇಳಿ ಮಜ್ಜಿಗೆ ಕುಡಿಯುವರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಊರ ಹೊರಗೆ ಟಾಕಿ ಟೆಂಟು ಬಂತು. ಮೊದಲಷ್ಟು ದಿನ ದೇವರ ಚಿತ್ರಗಳು. ಅತ್ತೆ ನನ್ನನ್ನು ಕರೆದುಕೊಂಡು ಹೋಗಿ, ಪರದೆಯ ಮೇಲೆ ಶಿವ ಬಂದಾಗ ಕರ್ಪೂರ ಹಚ್ಚಿ, ಕಾಯಿ ಒಡೆಸಿಕೊಂಡು ಬಂದರು. ಒಂದು ದಿನ ಬೆಳಗ್ಗೆ ಟೆಂಟಿನ ಪ್ರಚಾರದ ಎತ್ತಿನ ಗಾಡಿ ತಮಟೆ ಬಡಿಯುತ್ತ ನಮ್ಮ ಓಣಿಗೆ ಬಂತು. ಗಾಡಿಯ ಪಕ್ಕಕ್ಕೆ ಕಟ್ಟಿದ ಚಿತ್ರಪಟ ನೋಡಿ ನನ್ನ ಕೈಯಲ್ಲಿದ್ದ ಮೊರ ಜಾರಿತು. ಬಿಳಿ ಸೀರೆ, ಬಿಚ್ಚಿದ ಕೂದಲು, ಕೈಯಲ್ಲಿ ದೀಪ. ಮದರಾಸಿನಿಂದ ಬಂದ ತಮಿಳು ದೆವ್ವದ ಚಿತ್ರ, ಶುಕ್ರವಾರ ಇದೂ ಬದಲಾಗುತ್ತದೆ, ಆಮೇಲೆ ಮಳೆಗಾಲಕ್ಕೆ ಮುಂಚೆ ಟೆಂಟನ್ನೇ ಎತ್ತುತ್ತಾರೆ ಎಂದು ಗಾಡಿಯವನು ಕೂಗಿದ. ಇಷ್ಟು ವರ್ಷ ಪುಸ್ತಕದಲ್ಲಿ ಮಾತ್ರ ಕಂಡದ್ದನ್ನು ಒಮ್ಮೆ ಕಣ್ಣಾರೆ ಕಂಡು ಮನಸಾರೆ ಹೆದರಬೇಕು. ಅದೊಂದೇ ನನ್ನ ಆಸೆ. ಆದರೆ ಹಿರಿಯ ಹೆಂಗಸಿನ ಜೊತೆಯಿಲ್ಲದೆ ಸೊಸೆಯಂದಿರು ಟೆಂಟಿಗೆ ಹೋಗುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ.

ಅತ್ತೆಯವರ ತಲೆಗೆ ಎಣ್ಣೆ ಹಚ್ಚುವಾಗ ಮೆಲ್ಲಗೆ ಮಾತು ತೆಗೆದೆ.

"ದೆವ್ವ ನೋಡಾಕ ರೊಕ್ಕ ಕೊಟ್ಟು ಟಿಕೀಟು ತಗೋಬೇಕಾ?" ಎಂದರು. "ಯಾಕಬೇ ಸುಶೀಲಾ, ಅಮಾಸಿ ದಿನ ಕಂಪ್ಲಿ ಹೊಳಿ ದಂಡಿಗೆ ಹೋಗಿ ಕುಂದ್ರು. ಪುಕಟ ಕಾಣಸ್ತಾವ."

ನಮ್ಮವರನ್ನು ಕೇಳಿದೆ. "ಮಂಡಿಯಾಗ ಭಾಳ ಕೆಲಸ ಐತಿ" ಎಂದರು. ಬೇಸಿಗೆಯಲ್ಲಿ ಮಂಡಿಯಲ್ಲಿ ನೊಣ ಓಡಿಸುವ ಕೆಲಸ ಬಿಟ್ಟರೆ ಇನ್ನೊಂದಿಲ್ಲ. ನಾನು ಅವರ ಮುಖ ನೋಡಿದೆ. "ಹಂಗ ನೋಡಬ್ಯಾಡ. ನನಗ ಅಂಜಿಕಿ ಗಿಂಜಿಕಿ ಏನಿಲ್ಲ" ಎಂದು, ಕೇಳದೆಯೇ ಉತ್ತರ ಕೊಟ್ಟು ಹೊರಗೆ ಹೋದರು.

ನನ್ನನ್ನು ಕಾಪಾಡಿದವಳು ನೆರೆಮನೆಯ ಗೌರಮ್ಮ. ಅವಳ ಗಂಡ ರೈಲ್ವೆಯಲ್ಲಿ ಕೆಲಸಕ್ಕಿದ್ದು, ಮದರಾಸಿನ ಕಡೆ ಕೆಲವು ವರ್ಷ ಇದ್ದು ಬಂದವರು. ಆದ್ದರಿಂದ ಅವಳಿಗೆ ತಮಿಳು ಬರುತ್ತಿತ್ತು. ಚಿತ್ರ ನೋಡಿದ ಮರುದಿನ ನಮ್ಮ ಹಿತ್ತಲಕಟ್ಟೆಯ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಅವಳು ಕಥೆ ಹೇಳತೊಡಗಿದಳು. ಅತ್ತೆ ಕಂಬಕ್ಕೊರಗಿ, ಕೇಳಿಯೂ ಕೇಳದಂತೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ತಡೆಯಲಾಗಲಿಲ್ಲ.

"ಕಾಲು ಹೆಂಗ ಅದಾವ? ಹಿಂದಕ ತಿರುಗ್ಯಾವೇನು?"

"ಸೀರಿ ನೆಲಕ್ಕ ಮುಟ್ಟೈತ್ರೀ ದೊಡ್ಡವ್ವಾ, ಕಾಲು ಕಾಣಂಗಿಲ್ಲ."

"ಏನು ಬೇಕಂತಾಳ?"

"ಯಾರೂ ಕೇಳಂಗಿಲ್ಲರೀ! ಆಕಿ ಬಂದಕೂಡ್ಲೆ ಎಲ್ಲಾರೂ ಚೀರಿಕೊಂಡು ಓಡಿಹೋಗ್ತಾರ."

ಅತ್ತೆ ನೆಟ್ಟಗೆ ಕೂತರು. "ಓಡಿಹೋಗ್ತಾರ? ಬಾಗಿಲಿಗೆ ಹೆಣ್ಮಗಳು ಬಂದು ನಿಂತ್ರ, ಏನವ್ವಾ ಅಂತ ಒಬ್ಬರೂ ಕೇಳಂಗಿಲ್ಲ? ಎಂಥಾ ಮಂದೀನ ಅವರು?" ನನ್ನ ಕಡೆ ತಿರುಗಿ, "ಸಂಜಿಗೆ ಜಲ್ದಿ ರೊಟ್ಟಿ ಬಡದುಬಿಡು. ನೋಡೇ ಬರೋಣು" ಎಂದರು.

ಟೆಂಟಿನಲ್ಲಿ ಗಂಡಸರಿಗೂ ನಮಗೂ ನಡುವೆ ಗೋಣಿಯ ಅಡ್ಡಗೋಡೆ. ಜೊತೆಗೆ ಬಂದ ಗೌರಮ್ಮನೂ ನಾವೂ ಮರಳಿನ ಮೇಲೆ ಚಾಪೆ ಹಾಸಿಕೊಂಡು ಕೂತೆವು. ನಾನು ಹೆದರುವುದಕ್ಕೆ ಸಕಲ ಸಿದ್ಧತೆ ಮಾಡಿಕೊಂಡೆ: ಸೆರಗು ಹೊದ್ದೆ, ಮೊಣಕಾಲು ಅಪ್ಪಿಕೊಂಡೆ, ಶೇಂಗಾ ಕೂಡ ಕೊಳ್ಳಲಿಲ್ಲ. ದೀಪ ಆರಿತು. ಪರದೆಯ ಮೇಲೆ ಒಂದು ದೊಡ್ಡ ಮನೆ, ಒಂದು ಬಾವಿ, ಗಾಳಿಯ ಸುಯ್ಲು. ಬಾಗಿಲು ತಾನಾಗಿ ಸರಿಯಿತು. ಆಹಾ ಎಂದುಕೊಂಡೆ. ದೂರದಲ್ಲಿ ದೀಪ ಕಂಡಿತು. ಬಿಳಿ ಸೀರೆ ಹತ್ತಿರ ಹತ್ತಿರ ಬಂತು. ನನ್ನ ಮೈಕೂದಲು ಇನ್ನೇನು ನಿಮಿರಬೇಕು, ಪಕ್ಕದಲ್ಲಿ ಅತ್ತೆ ಎದ್ದು ನಿಂತರು.

"ಯಾರವ್ವಾ ನೀನು? ಯಾರ ಮನೀಯಾಕಿ?"

ಗೋಣಿಯ ಆಚೆಯಿಂದ ಒಬ್ಬ, "ಕುಂದ್ರಬೇ ಮುದುಕಿ, ಕಾಣವಲ್ದು!" ಎಂದು ಕೂಗಿದ.

"ನೀ ಬಾಯಿ ಮುಚ್ಚಲೇ! ಹೆಣ್ಮಕ್ಕಳು ಮಾತಾಡಾಕ ಹತ್ತೀವಿ, ನಡುವ ನಿಂದೇನು?" ಎಂದರು ಅತ್ತೆ. ಅಷ್ಟರಲ್ಲಿ ಪರದೆಯ ಮೇಲಿನ ದೆವ್ವ ತುಟಿ ಬಿಚ್ಚಿ ತಮಿಳಿನಲ್ಲಿ ಏನೋ ಅಂದಿತು. ಇಡೀ ಹೆಂಗಸರ ಕಡೆ ಗೌರಮ್ಮನತ್ತ ತಿರುಗಿತು. "ತವರಿಗೆ ಹೋಗ್ತೀನಂತಾಳ" ಎಂದಳು ಗೌರಮ್ಮ. "ತವರಿಗೆ ಹೊಂಟಾಗ ಅತ್ತಿ ಬಾವ್ಯಾಗ ದೂಡಿಬಿಟ್ಟಾಳ ಪಾಪ."

ರೀಲು ಮುಗಿಯಿತು. ಒಂದೇ ಮೆಷಿನ್ನಿನ ಟೆಂಟು. ರೀಲು ಬದಲಾಯಿಸುವಾಗಲೆಲ್ಲ ದೀಪ ಹತ್ತಿಸುವರು. ಬೆಳಕಿನಲ್ಲಿ ಹೆಂಗಸರ ಸಭೆ ಸೇರಿತು. ತವರಿಗೆ ಹೊರಟವಳಿಗೆ ಉಡಿ ತುಂಬಿದ್ದರೋ ಇಲ್ಲವೋ? ಮನೆಯ ಹೆಣ್ಣು ಹೊಸ್ತಿಲು ದಾಟುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಖಣ ಸೆರಗಿಗೆ ಹಾಕಿ ಮಡಿಲು ತುಂಬದೆ ಕಳಿಸುವುದುಂಟೇ? ಗೌರಮ್ಮನಿಗೆ ನೆನಪಿದ್ದಂತೆ ಚಿತ್ರದಲ್ಲಿ ಯಾರೂ ತುಂಬಿರಲಿಲ್ಲ. "ಅದಕ್ಕ ತಿರಗಾಕ ಹತ್ಯಾಳ" ಎಂದು ಅತ್ತೆ ತೀರ್ಪು ಕೊಟ್ಟರು. ಹಿಂದಿನ ಸಾಲಿನ ಮುದುಕಿಯೊಬ್ಬಳು ತನ್ನ ಮಗಳ ನೆನಪಾಗಿ ಮೂಗು ಒರೆಸಿಕೊಂಡಳು. ಮುಂದಿನ ರೀಲುಗಳಲ್ಲಿ ದೆವ್ವ ಬಂದಾಗಲೆಲ್ಲ ನಮ್ಮ ಕಡೆಯಿಂದ 'ಬಾರವ್ವಾ', 'ಸೊರಗ್ಯಾಳ ನೋಡು', 'ಆ ಅತ್ತೀನ ಹಿಡಕೋ, ಬಿಡಬ್ಯಾಡ' ಎಂಬ ಮಾತುಗಳು. ಕೊನೆಗೆ ಮಂತ್ರವಾದಿಯೊಬ್ಬ ಬಂದು ಅವಳನ್ನು ಸುಟ್ಟುಬಿಟ್ಟ. ಟೆಂಟಿನ ಅರ್ಧಭಾಗ ಗೊಳೋ ಎಂದಿತು. ನಾನೂ ಅತ್ತುಬಿಟ್ಟೆ. ಹೆದರಲೆಂದು ಹೋದವಳು, ದೆವ್ವದ ರಸಿಕಳು, ಅತ್ತು ಮೂಗು ಕೆಂಪು ಮಾಡಿಕೊಂಡು ಮನೆಗೆ ಬಂದೆ. ನನಗಾದ ನಿರಾಸೆಯನ್ನು ಯಾರಲ್ಲಿ ಹೇಳಲಿ?

ಮರುದಿನ ಬೆಳಗ್ಗೆ ಅತ್ತೆ ಒಂದು ತಾಟು ಸಿದ್ಧಮಾಡಿ, ಹಸಿರು ಖಣವನ್ನೂ ಬಳೆಗಳನ್ನೂ ಇಟ್ಟು, "ನಡಿ" ಎಂದರು.

"ಎಲ್ಲಿಗ್ರೀ ಅತ್ತೀ?"

"ಟೆಂಟಿಗೆ. ನಾ ಗಂಡನ್ನ ಕಳಕೊಂಡಾಕಿ, ನಾ ತುಂಬಾಕ ಬರಂಗಿಲ್ಲ. ನೀ ಮುತ್ತೈದಿ. ನೀನ ತುಂಬು."

ಅದು ಬರಿಯ ಬೆಳಕಿನ ಆಟ, ನೆರಳು, ಅವಳು ಮದರಾಸಿನಲ್ಲಿ ಸಂಬಳ ತೆಗೆದುಕೊಳ್ಳುವ ನಟಿ, ಈಗ ಬಹುಶಃ ಇಡ್ಲಿ ತಿನ್ನುತ್ತಿರಬಹುದು ಎಂದು ನಾನು ಕಾನ್ವೆಂಟಿನ ವಿದ್ಯೆಯನ್ನೆಲ್ಲ ಹೇಳಿದೆ. "ಇಡ್ಲಿ ತಿಂತಾಳಂದ್ರ ಉಡಿ ಬ್ಯಾಡೇನು?" ಎಂದರು. ನಾನು ತಾಟು ಎತ್ತಿಕೊಂಡೆ.

ಹಗಲಿನಲ್ಲಿ ಟೆಂಟು ಬಹಳ ಬಡವಾಗಿ ಕಾಣುತ್ತಿತ್ತು. ಪರದೆಯ ಮೂಲೆಗೆ ತೇಪೆ ಹಾಕಿದ್ದರು. ತೇಪೆಯ ಹೊಲಿಗೆ ನನ್ನ ಗುಲಾಬಿಗಿಂತ ನೆಟ್ಟಗಿತ್ತು. ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದ ಮ್ಯಾನೇಜರು ಓಡಿ ಬಂದರು. "ಅಮ್ಮಾ, ಇದು ಬರೀ ಬಟ್ಟೆ ಅಮ್ಮಾ!" ಎಂದರು. "ಬಟ್ಟೀನ ಬೇಕು. ಸೆರಗಿನಂಗ ಹಿಡೀರಿ" ಎಂದರು ಅತ್ತೆ. ಅತ್ತೆ ಹೇಳಿದ ಮೇಲೆ ಬೆಲ್ಲದ ಮಂಡಿಯ ನಮ್ಮವರೇ ಎದುರಾಡುವುದಿಲ್ಲ, ಮ್ಯಾನೇಜರು ಯಾವ ಲೆಕ್ಕ? ಅವರು ಪರದೆಯ ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಮಡಿಲಿನಂತೆ ಹಿಡಿದರು. ನಾನು ಬಟ್ಟೆಗೆ ಕುಂಕುಮದ ಬೊಟ್ಟಿಟ್ಟು, ಅಕ್ಕಿ ಕೊಬ್ಬರಿ ಹಾಕಿ, ನಗು ಬಾರದಂತೆ ತುಟಿ ಕಚ್ಚಿ, ಉಡಿ ತುಂಬಿದೆ. "ಹೋಗಿ ಬಾರವ್ವಾ, ತವರಿಗೆ" ಎಂದರು ಅತ್ತೆ. ಕೊಬ್ಬರಿ ಉತ್ತತ್ತಿ ಕಡೆಗೆ ಮ್ಯಾನೇಜರ ಪಾಲಾಯಿತು. ಅವರ ಮುಖದಲ್ಲಿ ಭಕ್ತಿ ಮೂಡಿದ್ದು ಆಗಲೇ.

ಸುದ್ದಿ ಊರಲ್ಲಿ ಹಬ್ಬಿತು. ಮರುದಿನ ಪ್ರಚಾರದ ಗಾಡಿ, 'ಹೊಸಪೇಟೆಯ ಮುತ್ತೈದೆಯರು ಉಡಿ ತುಂಬಿದ ದೆವ್ವ!' ಎಂದು ಕೂಗಿಕೊಂಡು ಬಂತು. ಚಿತ್ರ ಶುಕ್ರವಾರ ಬದಲಾಗಲಿಲ್ಲ. ಮಂಡಿಯಲ್ಲಿ ಎಲ್ಲರೂ ನಮ್ಮವರನ್ನು, 'ಏನ್ರೀ, ದೆವ್ವದ ಬೀಗರು ಬಂದ್ರು' ಎಂದು ಕಾಡಿಸಿದರಂತೆ. ಅತ್ತೆ ಮಾತ್ರ, "ಹೋದ್ಲೋ ಇಲ್ಲೋ ನೋಡಿ ಬರೋಣು" ಎಂದು ನನ್ನನ್ನೂ ಗೌರಮ್ಮನನ್ನೂ ಮತ್ತೆ ಹೊರಡಿಸಿದರು.

ಈ ಸಲ ನಾನು ನಿರಾಳವಾಗಿದ್ದೆ. ಎಲ್ಲಿ ಬಾಗಿಲು ಸರಿಯುತ್ತದೆ, ಎಲ್ಲಿ ದೀಪ ಬರುತ್ತದೆ ಎಲ್ಲ ಗೊತ್ತು. ಶೇಂಗಾ ಕೊಂಡು ಸುಲಿಯುತ್ತ ಕೂತೆ. ದೀಪ ಬಂತು. ಬಿಳಿ ಸೀರೆ ಬಂತು. ಅತ್ತೆ ನನ್ನ ಮೊಣಕೈ ತಿವಿದು, ಪಿಸುದನಿಯಲ್ಲಿ, "ಮಾರಿ ಚಲೋ ಆಗೇತಿ ನೋಡು. ಉಡಿ ಮುಟ್ಟೈತಿ ಆಕಿಗೆ" ಎಂದರು.

ನಾನು ನೋಡಿದೆ. ಹೌದು. ಹಿಂದಿನ ಸಲ ಸೊರಗಿದ್ದ ಮುಖ ಈಗ ತುಂಬಿಕೊಂಡಂತಿತ್ತು. ಬಾಯಿಯ ಮೂಲೆಯಲ್ಲಿ ಹಿಂದೆ ಇಲ್ಲದ ಒಂದು ನಗೆ. ಅವಳು ಬೇರೆ ಯಾರನ್ನೂ ನೋಡದೆ, ಗೌರಮ್ಮನನ್ನಲ್ಲ, ಅತ್ತೆಯನ್ನೂ ಅಲ್ಲ, ತನಗೆ ಉಡಿ ತುಂಬಿದವಳು ಎಲ್ಲಿ ಕೂತಿದ್ದಾಳೆಂದು ಹುಡುಕಿ, ನೇರ ನನ್ನತ್ತಲೇ ನೋಡಿದಳು.

ಶೇಂಗಾ ಎಲ್ಲಿ ಬಿತ್ತೋ ತಿಳಿಯದು. ಜನ್ಮವಿಡೀ ಬಯಸಿದ್ದ ಭಯ ಒಂದೇ ಸಲಕ್ಕೆ ಸಿಕ್ಕಿಬಿಟ್ಟಿತು. ಆದರೆ ಅದನ್ನು ಸವಿಯುವ ಬದಲು ನಾನು ಅತ್ತೆಯ ಸೆರಗಿನೊಳಗೆ ಮುಖ ಹುದುಗಿಸಿ, ಕಿವಿಗೆ ಬೆರಳಿಟ್ಟುಕೊಂಡು, ದೀಪ ಹತ್ತುವವರೆಗೂ ಕೂತಿದ್ದೆ. ಆದ್ದರಿಂದ ಆ ದಿನ ಚಿತ್ರ ಹೇಗೆ ಮುಗಿಯಿತೆಂದು ನಾನು ಕಣ್ಣಾರೆ ಕಂಡಿಲ್ಲ. ಅತ್ತೆ ಮಾತ್ರ ದಾರಿಯುದ್ದಕ್ಕೂ ಬಹಳ ಸಮಾಧಾನದಿಂದ, ಈ ಸಲ ಮಂತ್ರವಾದಿ ಸುಡಲಿಲ್ಲ, ಕೈಮುಗಿದು ದಾರಿ ಬಿಟ್ಟ, ಆಕೆ ತವರಿಗೆ ಹೋದಳು ಎಂದು ಹೇಳುತ್ತ ಬಂದರು. ಗೌರಮ್ಮ ಕೂಡ ಹೌದೆನ್ನುತ್ತಾಳೆ. ಕೊನೆಯ ರೀಲು ಹರಿದಿರಬಹುದು, ಮ್ಯಾನೇಜರು ಕತ್ತರಿಸಿರಬಹುದು ಎಂದು ನಾನು ಕಾನ್ವೆಂಟಿನ ರೀತಿಯಲ್ಲಿ ಯೋಚಿಸುತ್ತೇನೆ. ಟೆಂಟು ಎತ್ತುವುದಕ್ಕೆ ಇನ್ನೂ ಒಂದು ವಾರವಿತ್ತು. ಹೋಗಿ ನೋಡಿದ್ದರೆ ತಿಳಿಯುತ್ತಿತ್ತು. ಅತ್ತೆ ದಿನವೂ ಕರೆದರು. ನಾನು, "ಮನಿಯಾಗ ಭಾಳ ಕೆಲಸ ಐತ್ರೀ" ಎಂದೆ.